ಬೇರೆಯಾಗುವ ಹಕ್ಕು, ಪಾಲುಪತ್ರದ ಹೊಣೆ

ಒಂದು ರಾಷ್ಟ್ರವು ತಾನು ಸ್ವೇಚ್ಛೆಯಿಂದ ಸೇರಿದ ರಾಜ್ಯಸಂಘವನ್ನು ಬಿಟ್ಟು ಹೊರಬರಬಹುದೇ ಎಂದು ಕೇಳಿದರೆ, ಬರಬಹುದೆಂದು ನಾವು ನಿಸ್ಸಂಕೋಚವಾಗಿ ಉತ್ತರಿಸುವೆವು. ಸ್ವಯಂನಿರ್ಣಯದ ತತ್ತ್ವವನ್ನು ಮುಂದಿಟ್ಟುಕೊಂಡು ಸ್ವರಾಜ್ಯವನ್ನು ಸಂಪಾದಿಸಿದ ನಾಡಿನವರು ಬೇರೆ ಉತ್ತರವನ್ನು ಕೊಡುವುದು ಶಕ್ಯವೇ ಇಲ್ಲ. ಆದರೆ ಯಾವ ಒಪ್ಪಂದವೂ ಇಲ್ಲದೆ, ಕೊಡುಕೊಳ್ಳುವ ಲೆಕ್ಕ ಮುಗಿಯದೆ, ಎಲ್ಲೆಯ ವ್ಯವಸ್ಥೆ ಗೊತ್ತಾಗದೆ, ಅಲ್ಲಿಯೂ ಇಲ್ಲಿಯೂ ನೆಲೆಸಿದ ಪ್ರಜೆಗಳ ಗತಿಯೇನೆಂಬುದು ನಿಶ್ಚಯವಾಗದೆ, ಗೊತ್ತಾದ ಒಂದು ದಿನ ನಡುರಾತ್ರಿಯಲ್ಲಿ ಬಾಗಿಲು ತೆರೆದು ಹೊರಟುಬಿಡಬಹುದೇ ಎಂಬುದು ಬೇರೆಯೇ ಪ್ರಶ್ನೆ. ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ಭ್ರಮಿಸಿದುದರಿಂದ ಬ್ರಿಟನ್ನು ೨೦೧೬ರಿಂದ ೨೦೨೦ರ ವರೆಗೆ ಪಟ್ಟ ಪಾಡು ಇಂದಿಗೂ ವಿಚಾರಾರ್ಹವಾಗಿದೆ. ಆ ಗದ್ದಲವು ಅಡಗಿರುವುದರಿಂದಲೇ ಈಗ ಅದನ್ನು ನಿಷ್ಪಕ್ಷಪಾತವಾಗಿ ತೂಗಿ ನೋಡಲು ಅನುಕೂಲವಾಗಿದೆ.

ಸಂಗತಿಗಳನ್ನು ಮೊದಲು ಸ್ಮರಿಸಿಕೊಳ್ಳೋಣ. ಬ್ರಿಟನ್ನು ಆಗಿನ ಯುರೋಪಿನ ಆರ್ಥಿಕ ಸಮುದಾಯವನ್ನು ಸೇರಿದ್ದು ೧೯೭೩ನೆಯ ಇಸವಿಯ ಜನವರಿ ೧ರಂದು. ಎರಡು ವರ್ಷಗಳ ತರುವಾಯ, ೧೯೭೫ರಲ್ಲಿ, ಮುಂದೆಯೂ ಇರಬೇಕೇ ಎಂದು ಜನರನ್ನು ಕೇಳಲಾಗಿ ಮತವಿತ್ತವರಲ್ಲಿ ಶೇಕಡಾ ೬೭ ಮಂದಿ ಇರಬೇಕೆಂದರು. ನಾಲ್ವತ್ತೊಂದು ವರ್ಷಗಳು ಕಳೆದ ಮೇಲೆ, ೨೦೧೬ರ ಜೂನ್ ೨೩ರಂದು, ಪುನಃ ಕೇಳಿದಾಗ ೧ ಕೋಟಿ ೭೪ ಲಕ್ಷ ಮತಗಳು ಹೊರಡುವುದರ ಪರವಾಗಿಯೂ ೧ ಕೋಟಿ ೬೧ ಲಕ್ಷ ಮತಗಳು ಇರುವುದರ ಪರವಾಗಿಯೂ ಬಿದ್ದವು. ಅಂದರೆ ಶೇಕಡಾ ೪೮.೧ಕ್ಕೆ ಪ್ರತಿಯಾಗಿ ೫೧.೯. ಇಂಗ್ಲಂಡ್ ಮತ್ತು ವೇಲ್ಸ್ ಹೊರಡುವೆವೆಂದವು. ಸ್ಕಾಟ್ಲಂಡಿನಲ್ಲಿ ಶೇಕಡಾ ೬೨, ಉತ್ತರ ಐರ್ಲಂಡಿನಲ್ಲಿ ಶೇಕಡಾ ೫೫.೮ ಮಂದಿ ಇರುವೆವೆಂದರು. ೨೦೧೭ರ ಮಾರ್ಚ್ ೨೯ರಂದು ಪ್ರಧಾನಮಂತ್ರಿ ಶ್ರೀಮತಿ ಥೆರೆಸಾ ಮೇ ಅವರು ಐರೋಪ್ಯ ಒಕ್ಕೂಟಕ್ಕೆ ವಿಧ್ಯುಕ್ತವಾಗಿ ನೋಟೀಸು ಕೊಟ್ಟರು. ಲಿಸ್ಬನ್ ಸಂಧಿಪತ್ರದ ೫೦ನೆಯ ಕಲಮಿನ ಪ್ರಕಾರ ಆ ದಿನದಿಂದ ಎರಡು ವರ್ಷಗಳ ಗಡುವು ಆರಂಭವಾಯಿತು. ಅಷ್ಟರಲ್ಲಿ ಒಪ್ಪಂದವಾದರೆ ಸರಿ. ಆಗದಿದ್ದರೆ, ಎಲ್ಲ ಸದಸ್ಯರಾಷ್ಟ್ರಗಳೂ ಒಮ್ಮತದಿಂದ ಗಡುವನ್ನು ಬೆಳೆಸಿದ ಹೊರತು, ಸಂಬಂಧವು ತನ್ನಷ್ಟಕ್ಕೆ ತಾನೇ ಕಡಿದುಹೋಗತಕ್ಕದ್ದು.

ಇಲ್ಲಿ ನಮ್ಮ ವಾಚಕರಿಗೆ ಚಿರಪರಿಚಿತವಾದ ಒಂದು ದೃಷ್ಟಾಂತವನ್ನು ಕೊಡುವೆವು. ಅವಿಭಕ್ತ ಕುಟುಂಬದಲ್ಲಿ ಒಬ್ಬ ತಮ್ಮನು, ನಾನು ಇನ್ನು ಮೇಲೆ ಬೇರೆ, ಎಂದು ಸ್ಪಷ್ಟವಾಗಿ ತಿಳಿಸಿದ ಮಾತ್ರದಿಂದಲೇ ಮಿತಾಕ್ಷರ ನ್ಯಾಯದಂತೆ ಅವನ ಅವಿಭಕ್ತತೆ ಮುಗಿಯುತ್ತದೆ. ಅದಕ್ಕೆ ಅಣ್ಣನ ಅಪ್ಪಣೆ ಬೇಕಾಗಿಲ್ಲ. ಆದರೆ ಹೊಲದ ಬದುವನ್ನು ಎಲ್ಲಿ ಹಾಕತಕ್ಕದ್ದು, ಬಾವಿಯ ನೀರು ಯಾರಿಗೆ ಎಷ್ಟು, ಮನೆತನದ ಸಾಲವನ್ನು ಯಾರು ತೀರಿಸತಕ್ಕದ್ದು, ವೃದ್ಧಮಾತೆಯ ಪೋಷಣೆ ಯಾರ ಹೊಣೆ, ಎಂಬ ವಾಟಣಿಯ ಕಾರ್ಯವೇ ಬೇರೆ. ಮನಸ್ಸು ಬೇರೆಯಾಗುವುದು ಒಬ್ಬನ ಇಚ್ಛೆಗೆ ಸೇರಿದ್ದು, ಸೊತ್ತು ಬೇರೆಯಾಗುವುದು ಎಲ್ಲರಿಗೂ ಸೇರಿದ್ದು. ಈ ಭೇದವನ್ನು ೧೯೧೬ರಲ್ಲಿ ಗಿರಿಜಾಬಾಯಿ ವಿರುದ್ಧ ಸದಾಶಿವ ಧುಂಡಿರಾಜ ಎಂಬ ದಾವೆಯಲ್ಲಿ ಸ್ಪಷ್ಟಪಡಿಸಿದುದು ಲಂಡನ್ನಿನ ಪ್ರಿವಿ ಕೌನ್ಸಿಲ್ಲೇ. ನಮ್ಮ ಮನೆಗಳಿಗೆ ಈ ಪಾಠವನ್ನು ಹೇಳಿದ ಊರಿನವರಿಗೆ, ನೂರು ವರ್ಷಗಳು ತುಂಬುವಷ್ಟರಲ್ಲಿ, ತಮ್ಮ ಮನೆಯ ಪಾಲು ಬಂದಾಗ ಅದೇ ಪಾಠವು ಮರೆತುಹೋದುದು ವಿಚಿತ್ರವಲ್ಲವೆ?

ಆದರೆ ಒಪ್ಪಂದವಿಲ್ಲದೆಯೇ ಹೊರಡೋಣವೆಂದವರು ಎಲ್ಲರೂ ಅವಿವೇಕಿಗಳೆಂದು ನಾವು ಹೇಳಲಾರೆವು. ಅವರ ವಾದವನ್ನು ಯಥಾವತ್ತಾಗಿ ಇಡುವುದು ನ್ಯಾಯ. ಮೊದಲನೆಯದಾಗಿ, ಎದ್ದು ಹೋಗಲು ಸಿದ್ಧನಿಲ್ಲದವನು ಯಾವ ಚೌಕಾಸಿಯಲ್ಲಿಯೂ ಗೆಲ್ಲಲಾರನು; ಕೆಟ್ಟ ಒಪ್ಪಂದಕ್ಕಿಂತ ಒಪ್ಪಂದವಿಲ್ಲದಿರುವುದೇ ಲೇಸೆಂದು ಶ್ರೀಮತಿ ಮೇ ಅವರೇ ೨೦೧೭ರ ಜನವರಿಯಲ್ಲಿ ಸಾರಿದ್ದರು. ಎರಡನೆಯದಾಗಿ, ಜನತೆಯು ಹೊರಡಿರೆಂದು ಆಜ್ಞಾಪಿಸಿದ ಮೇಲೆ ಅದಕ್ಕೆ ಷರತ್ತುಗಳನ್ನು ಹಚ್ಚುವುದು ಲೋಕಮತಕ್ಕೆ ಮಾಡುವ ದ್ರೋಹ. ಮೂರನೆಯದಾಗಿ, ಮುಂದಿಟ್ಟ ಒಪ್ಪಂದವು ಸುಮಾರು ೩,೯೦೦ ಕೋಟಿ ಪೌಂಡುಗಳನ್ನು ತೆರಬೇಕೆಂದು ವಿಧಿಸುತ್ತಿತ್ತು. ಅಲ್ಲದೆ ಐರ್ಲಂಡಿನ ಗಡಿಯ ಸಲುವಾಗಿ ಇಡೀ ಬ್ರಿಟನ್ನನ್ನು ಒಕ್ಕೂಟದ ಸುಂಕಕಟ್ಟಳೆಗೆ ಕಟ್ಟಿಹಾಕುವ ಒಂದು ವ್ಯವಸ್ಥೆಯೂ ಅದರಲ್ಲಿತ್ತು. ಅದರಿಂದ ಬ್ರಿಟನ್ನು ತಾನಾಗಿ ಬಿಡಿಸಿಕೊಳ್ಳುವಂತಿರಲಿಲ್ಲವೆಂದು ಸರಕಾರದ ಅಟಾರ್ನಿ ಜನರಲ್ಲರೇ ಅಭಿಪ್ರಾಯ ಕೊಟ್ಟಿದ್ದರು. ಈ ಮೂರನೆಯ ಆಕ್ಷೇಪದಲ್ಲಿ ತಿರುಳಿದೆಯೆಂಬುದನ್ನು ನಾವು ಒಪ್ಪುವೆವು. ಹೊರಗೆ ಹೋಗುವವನಿಗೆ ಬಾಗಿಲು ತೆರೆದಂತೆ ಮಾಡಿ ಹೊಸ್ತಿಲಲ್ಲಿಯೇ ಸಂಕೋಲೆಯನ್ನಿಡುವುದು ಸಂಘಧರ್ಮವಲ್ಲ.

ಆದರೂ ಮೊದಲನೆಯ ವಾದದಲ್ಲಿರುವ ದೋಷವನ್ನು ಯಾವ ವ್ಯವಹಾರಸ್ಥನಾದರೂ ಕಂಡುಹಿಡಿದಾನು. ಅಂಗಡಿಗೆ ಹೋದವನು ಬೆಲೆ ಸರಿಬೀಳದಿದ್ದರೆ ಎದ್ದು ಬರುತ್ತಾನೆ. ಬಂದಾಗ ಅವನ ಕೈಯಲ್ಲಿ ಮೊದಲಿದ್ದ ಹಣವು ಹಾಗೆಯೇ ಇರುತ್ತದೆ. ಪಾಲಿಗೆ ಕುಳಿತವನು ಎದ್ದು ಬಂದರೆ ಅವನ ಕೈಯಲ್ಲಿ ಮೊದಲಿದ್ದುದೇನೂ ಉಳಿಯುವುದಿಲ್ಲ. ಬ್ರಿಟನ್ನಿನ ರಫ್ತಿನಲ್ಲಿ ಆಗ ಸುಮಾರು ಶೇಕಡಾ ೪೫ರಷ್ಟು ಒಕ್ಕೂಟದ ರಾಷ್ಟ್ರಗಳಿಗೇ ಹೋಗುತ್ತಿತ್ತು. ಒಪ್ಪಂದವಿಲ್ಲದೆ ಹೊರಟ ಮರುದಿನವೇ ಅದರ ಮೋಟಾರುಗಳ ಮೇಲೆ ಶೇಕಡಾ ೧೦ರ ಸುಂಕ ಬೀಳುತ್ತಿತ್ತು. ವೇಲ್ಸಿನ ಗುಡ್ಡಗಳಲ್ಲಿ ಕುರಿ ಸಾಕುವ ರೈತನ ಮಾಂಸದ ಮೇಲೆ ಶೇಕಡಾ ೪೦ನ್ನೂ ಮೀರಿ ಬೀಳುತ್ತಿತ್ತು. ಹೊರಡಿರೆಂದು ಮತವಿತ್ತ ವೇಲ್ಸಿನ ಆ ರೈತನು ಕೇಳಿದ್ದು ಇದನ್ನೇ?

ಸುಂಕಕ್ಕಿಂತಲೂ ಕಠಿಣವಾದುದು ಕಾಗದಪತ್ರಗಳ ತೊಡಕು. ಡೋವರ್ ಬಂದರದ ಮೂಲಕ ದಿನಕ್ಕೆ ಹತ್ತು ಸಾವಿರದವರೆಗೆ ಲಾರಿಗಳು ಸಾಗುತ್ತಿದ್ದವು. ಸರಕಾರವು ಒಳಗೊಳಗೆ ಸಿದ್ಧಪಡಿಸಿದ್ದ 'ಯೆಲ್ಲೋಹ್ಯಾಮರ್' ಎಂಬ ಟಿಪ್ಪಣಿಯು ಪಾರ್ಲಿಮೆಂಟಿನ ಒತ್ತಾಯಕ್ಕೆ ಮಣಿದು ೨೦೧೯ರ ಸಪ್ಟೆಂಬರ್ ೧೧ರಂದು ಹೊರಬಿದ್ದಿತು. ಅತ್ಯಂತ ಕೆಟ್ಟ ಪ್ರಸಂಗದಲ್ಲಿ ಆ ಕಡಲುಗಾಲುವೆಯನ್ನು ದಾಟುವ ಲಾರಿಗಳಲ್ಲಿ ಶೇಕಡಾ ೫೦ರಿಂದ ೮೫ರಷ್ಟು ಕಾಗದಪತ್ರಗಳಿಲ್ಲದೆ ನಿಂತಾವು, ಒಂದೂವರೆಯಿಂದ ಎರಡೂವರೆ ದಿನ ಕಾಯಬೇಕಾದೀತು, ಔಷಧಗಳ ಮುಕ್ಕಾಲು ಪಾಲು ಆ ದಾರಿಯಿಂದಲೇ ಬರುವುದಾದ್ದರಿಂದ ರೋಗಿಗಳಿಗೂ ಬಾಧೆ ತಟ್ಟೀತು, ಎಂದು ಅದರಲ್ಲಿ ಒಪ್ಪಿಕೊಂಡಿತ್ತು. ಇದು ಭವಿಷ್ಯವಾಣಿಯಲ್ಲ, ಕೇವಲ ಮುನ್ನೆಚ್ಚರಿಕೆಯ ಲೆಕ್ಕವೆಂಬ ಸಮಾಧಾನವನ್ನು ನಾವು ಬಲ್ಲೆವು. ಇಂಗ್ಲಂಡಿನ ಬ್ಯಾಂಕು ಸಹ ೨೦೧೮ರಲ್ಲಿ ರಾಷ್ಟ್ರೋತ್ಪನ್ನವು ಶೇಕಡಾ ೮ರಷ್ಟು ಇಳಿದೀತೆಂದು ಹೇಳಿ, ಮರುವರ್ಷ ಸಿದ್ಧತೆ ಹೆಚ್ಚಿತೆಂದು ಅದನ್ನು ೫.೫ಕ್ಕೆ ತಗ್ಗಿಸಿತು. ಆದರೆ ಸಿದ್ಧತೆಯಾದರೂ ಎಂಥದು! ಬಂದರಗಳಲ್ಲಿ ಇಕ್ಕಟ್ಟಾದರೆ ಹೆಚ್ಚಿನ ಹಡಗುಗಳು ಬೇಕೆಂದು, ಸ್ವಂತಕ್ಕೆ ಒಂದು ಹಡಗೂ ಇಲ್ಲದ ಕಂಪನಿಗೆ ೧ ಕೋಟಿ ೩೮ ಲಕ್ಷ ಪೌಂಡುಗಳ ಗುತ್ತಿಗೆಯನ್ನು ಕೊಟ್ಟು, ಕೆಲವೇ ವಾರಗಳಲ್ಲಿ ಅದನ್ನು ರದ್ದುಪಡಿಸಬೇಕಾಯಿತು. ಎದುರಾಳಿಯನ್ನು ಹೆದರಿಸಲು ಹೂಡಿದ ಬೆದರಿಕೆಯು ಹೂಡಿದವನ ಮನೆಯಲ್ಲಿಯೇ ಗಾಬರಿಯನ್ನೆಬ್ಬಿಸಿದುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

ಲೋಕಮತದ ವಾದಕ್ಕೆ ಬರೋಣ. ಲೋಕಮತವು ಶಿರೋಧಾರ್ಯವೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಜನರ ಮುಂದೆ ಇಟ್ಟ ಚೀಟಿಯಲ್ಲಿ ಇದ್ದುದು ಇರಬೇಕೇ, ಹೊರಡಬೇಕೇ ಎಂಬ ಒಂದೇ ಪ್ರಶ್ನೆ; ಹೇಗೆ ಹೊರಡಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಸುಲಭವಾಗಿ ಒಳ್ಳೆಯ ಕರಾರು ದೊರೆಯುವುದೆಂದು ಅಂದು ಪ್ರಚಾರ ಮಾಡಿದ ಧುರೀಣರೇ, ಅದು ದೊರೆಯದಿದ್ದಾಗ, ಜನರು ಕೇಳಿದ್ದು ಕರಾರಿಲ್ಲದ ನಿರ್ಗಮನವನ್ನೇ ಎಂದು ವಾದಿಸಿದರೆ, ಅದು ಕಕ್ಷಿಗಾರನು ಸಹಿ ಹಾಕಿದ ವಕಾಲತ್ತಿನ ಮೇಲೆ ಅವನ ಮನೆಯನ್ನೇ ಬರೆದುಕೊಂಡಂತೆ! ಜನಪ್ರತಿನಿಧಿಗಳ ಅಭಿಪ್ರಾಯವಂತೂ ಸುಸ್ಪಷ್ಟವಾಗಿತ್ತು. ಶ್ರೀಮತಿ ಮೇ ಅವರ ಒಪ್ಪಂದವನ್ನು ಕೆಳಮನೆಯು ೨೦೧೯ರ ಜನವರಿ ೧೫ರಂದು ೨೦೨ಕ್ಕೆ ಪ್ರತಿಯಾಗಿ ೪೩೨ ಮತಗಳಿಂದ ಮುರಿಯಿತು. ಮಾರ್ಚ್ ತಿಂಗಳಲ್ಲಿ ಇನ್ನೆರಡು ಸಲ ತಿರಸ್ಕರಿಸಿತು. ಅದೇ ಮನೆಯು ಮಾರ್ಚ್ ೨೭ರಂದು ಒಪ್ಪಂದವಿಲ್ಲದೆ ಹೊರಡುವ ಸೂಚನೆಯನ್ನು ೧೬೦ಕ್ಕೆ ಪ್ರತಿಯಾಗಿ ೪೦೦ ಮತಗಳಿಂದ ಬೀಳಿಸಿತು. ಮುಂದೆ ಶ್ರೀ ಬೋರಿಸ್ ಜಾನ್ಸನ್ನರು ಪ್ರಧಾನಮಂತ್ರಿಗಳಾಗಿ, ಅಕ್ಟೋಬರ್ ೩೧ಕ್ಕೆ ಹೊರಟೇ ತೀರುವೆವೆಂದು ಹೇಳುತ್ತ ಪಾರ್ಲಿಮೆಂಟನ್ನು ಐದು ವಾರಗಳ ಕಾಲ ಮುಚ್ಚಿಸಿದಾಗ, ಅದು ಅಕ್ರಮವೆಂದು ಸರ್ವೋಚ್ಚ ನ್ಯಾಯಾಲಯದ ೧೧ ನ್ಯಾಯಾಧೀಶರೂ ಏಕಮತದಿಂದ ಸಪ್ಟೆಂಬರ್ ೨೪ರಂದು ತೀರ್ಪಿತ್ತರು. ಗಡುವನ್ನು ಬೆಳೆಸಿರೆಂದು ಕೇಳುವುದು ಪ್ರಧಾನಮಂತ್ರಿಯ ಕರ್ತವ್ಯವೆಂದು ಪಾರ್ಲಿಮೆಂಟು ಅದಕ್ಕೆ ಮೊದಲೇ ಕಾಯಿದೆ ಮಾಡಿತ್ತು. ಸ್ವಂತ ಪಾರ್ಲಿಮೆಂಟಿನ ಅಧಿಕಾರವನ್ನು ಮರಳಿ ಪಡೆಯುವುದಕ್ಕೆಂದು ಹೂಡಿದ ಆಂದೋಲನವು ಆ ಪಾರ್ಲಿಮೆಂಟಿನ ಬಾಯಿಯನ್ನೇ ಕಟ್ಟಲು ಹೊರಟಿತೆಂದರೆ, ಗುರಿಗೂ ದಾರಿಗೂ ಇದ್ದ ಅಂತರವು ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಇವೆಲ್ಲಕ್ಕಿಂತಲೂ ಮಿಗಿಲಾದ ಕಾರಣವು ಐರ್ಲಂಡಿನದು. ಅದರ ಸ್ವಾತಂತ್ರ್ಯದ ಹೋರಾಟವನ್ನು ನಮ್ಮ ಹಿರಿಯರು ಹಗಲಿರುಳು ಕಣ್ಣಿಟ್ಟು ನೋಡಿದ್ದರು. ಐರ್ಲಂಡು ೧೯೨೧ರ ಡಿಸೆಂಬರ್ ೬ರಂದು ಒಪ್ಪಂದಕ್ಕೆ ಸಹಿ ಹಾಕಿಯೇ ಬ್ರಿಟನ್ನಿನಿಂದ ಹೊರಬಂದಿತು. ಆದರೆ ಗಡಿಯನ್ನು ಮುಂದೊಂದು ಮಂಡಳಿಯು ನಿಶ್ಚಯಿಸಲೆಂದು ಆ ಒಪ್ಪಂದದಲ್ಲಿ ಮುಂದೂಡಿದರು. ಮಂಡಳಿಯು ಕೂಡಿತು, ಅದರ ವರದಿಯನ್ನು ೧೯೨೫ರಲ್ಲಿ ಹೂತಿಟ್ಟರು, ಗಡಿಯು ಇದ್ದಂತೆಯೇ ಉಳಿಯಿತು. ಬೇಕಾದವರಿಗೂ ಬೇಡಾದವರಿಗೂ ನಡುವೆ ಉತ್ತರ ಐರ್ಲಂಡಿನಲ್ಲಿ ಕುದಿಯುತ್ತಿದ್ದ ವೈರವು ೧೯೬೦ರ ದಶಕದ ಕೊನೆಯಿಂದ ಮೂವತ್ತು ವರ್ಷಗಳ ವರೆಗೆ ೩,೫೦೦ಕ್ಕೂ ಹೆಚ್ಚು ಪ್ರಾಣಗಳನ್ನು ನುಂಗಿತು. ೧೯೯೮ರ ಏಪ್ರಿಲ್ ೧೦ರಂದು ಬೆಲ್‌ಫಾಸ್ಟಿನಲ್ಲಿ ಆದ ಒಪ್ಪಂದವು ಆ ಬೆಂಕಿಯನ್ನು ಆರಿಸಿತು. ಸುಮಾರು ೫೦೦ ಕಿಲೋಮೀಟರುಗಳ ಆ ಗಡಿಯ ಮೇಲೆ ಸೈನಿಕರ ಕಾವಲುಗೋಪುರಗಳು ಮಾಯವಾದವು. ಇತ್ತ ರೈತನು ಹೊಲ ಉತ್ತು ಅತ್ತ ಹಾಲು ಮಾರುವಂತಾಯಿತು. ಈ ನಿರಾತಂಕವಾದ ಓಡಾಟಕ್ಕೆ ಒಂದು ಮುಖ್ಯ ಆಧಾರವೆಂದರೆ ಎರಡೂ ದೇಶಗಳು ಒಂದೇ ಒಕ್ಕೂಟದಲ್ಲಿದ್ದುದು. ಒಪ್ಪಂದವಿಲ್ಲದೆ ಹೊರಟಿದ್ದರೆ ಆ ಗಡಿಯು ಎರಡು ಸುಂಕಪದ್ಧತಿಗಳ ನಡುವಿನ ಗೆರೆಯಾಗುತ್ತಿತ್ತು. ಸುಂಕದ ಚೌಕಿ ಬಂದೆಡೆಗೆ ಪೋಲೀಸನೂ, ಪೋಲೀಸನು ಬಂದೆಡೆಗೆ ಬಂದೂಕೂ ಬರುವ ಭಯವು ಅಲ್ಲಿಯವರಿಗೆ ಕಲ್ಪನೆಯದಾಗಿರಲಿಲ್ಲ, ಅನುಭವದ್ದಾಗಿತ್ತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ನಮ್ಮ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುವುದರಲ್ಲಿತ್ತು. ಒಂದು ರಾಷ್ಟ್ರವು ತನ್ನ ಸ್ವಾತಂತ್ರ್ಯಕ್ಕಾಗಿ ತಾನು ಬೆಲೆ ತೆರಬಹುದು. ಇರುವೆವೆಂದು ಮತವಿತ್ತ ಇನ್ನೊಬ್ಬರ ಮಕ್ಕಳ ಶಾಂತಿಯನ್ನು ಬೆಲೆಯಾಗಿ ಕೊಡುವ ಅಧಿಕಾರವನ್ನು ಅದಕ್ಕೆ ಯಾರು ಕೊಟ್ಟರು?

ಬೇರೆಯಾದ ಇತರ ದೇಶಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಐವತ್ತು ಸಾವಿರ ಜನಸಂಖ್ಯೆಯ ಗ್ರೀನ್‌ಲಂಡು ಇದೇ ಯುರೋಪಿನ ಸಮುದಾಯವನ್ನು ಬಿಡಬೇಕೆಂದು ೧೯೮೨ರಲ್ಲಿ ಮತವಿತ್ತು, ಮೀನುಗಾರಿಕೆಯ ಕರಾರನ್ನು ಮಾಡಿಕೊಂಡು, ೧೯೮೫ರಲ್ಲಿ ಸದ್ದಿಲ್ಲದೆ ಹೊರಬಂದಿತು. ಸಿಂಗಪುರವು ೧೯೬೫ರ ಆಗಸ್ಟ್ ೯ರಂದು ಮಲೇಶಿಯದಿಂದ ಬೇರೆಯಾದುದು ಕಣ್ಣೀರಿನಲ್ಲಿಯೇ. ಆದರೂ ತನ್ನ ಕುಡಿಯುವ ನೀರಿನ ಹಳೆಯ ಕರಾರುಗಳಿಗೆ ಬೇರ್ಪಡೆಯ ಒಪ್ಪಂದದಲ್ಲಿಯೇ ಭರವಸೆಯನ್ನು ಬರೆಯಿಸಿಕೊಳ್ಳಲು ಮರೆಯಲಿಲ್ಲ. ಚೆಕೊಸ್ಲೊವಾಕಿಯವು ೧೯೯೩ರ ಜನವರಿ ೧ರಂದು ಎರಡಾದಾಗ ಸಂಯುಕ್ತ ಸರಕಾರದ ಚರಸೊತ್ತನ್ನು ಜನಸಂಖ್ಯೆಗೆ ಅನುಸಾರವಾಗಿ ಎರಡಕ್ಕೆ ಒಂದರಂತೆ ಹಂಚಿಕೊಂಡಿತು. ಒಂದು ಗುಂಡೂ ಹಾರಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ ದಕ್ಷಿಣ ಸುಡಾನವು ೨೦೧೧ರ ಜುಲೈ ೯ರಂದು ಸ್ವತಂತ್ರವಾದಾಗ ಎಣ್ಣೆಯ ಬಾವಿಗಳ ಮುಕ್ಕಾಲು ಪಾಲು ಅದಕ್ಕೆ ಬಂದಿತು, ಸಮುದ್ರಕ್ಕೆ ಒಯ್ಯುವ ಕೊಳವೆ ಉತ್ತರದ ಸುಡಾನದಲ್ಲಿ ಉಳಿಯಿತು. ಸಾಗಣೆಯ ದರ ಮಾತ್ರ ಗೊತ್ತಾಗಿರಲಿಲ್ಲ. ಆರು ತಿಂಗಳೊಳಗೆ ಜಗಳ ಹತ್ತಿ, ದಕ್ಷಿಣದವರು ತಮ್ಮ ಆದಾಯದ ಹೆಚ್ಚುಕಡಿಮೆ ಸಮಸ್ತ ಮೂಲವಾದ ಬಾವಿಗಳನ್ನು ತಾವೇ ಮುಚ್ಚಿದರು. ಗಡಿಯಲ್ಲಿ ಯುದ್ಧವೂ ಆಯಿತು. ನಮ್ಮ ದೇಶದ ೧೯೪೭ನ್ನು ಬೇರೆಯಾಗಿ ನೆನಪಿಸಬೇಕಾಗಿಲ್ಲ. ಆಗಸ್ಟ್ ೧೫ಕ್ಕೆ ಸ್ವಾತಂತ್ರ್ಯ, ಎಲ್ಲೆಯ ಗೆರೆ ಪ್ರಕಟವಾದುದು ೧೭ಕ್ಕೆ. ತಾವು ಯಾವ ದೇಶದಲ್ಲಿದ್ದೇವೆಂಬುದು ಪಂಜಾಬ ಬಂಗಾಲಗಳ ಲಕ್ಷಾವಧಿ ಜನರಿಗೆ ಎರಡು ದಿನ ತಿಳಿದಿರಲಿಲ್ಲ!

ಕನ್ನಡ ನಾಡಿನ ಅನುಭವವೂ ಇಲ್ಲಿ ಅಪ್ರಸ್ತುತವಲ್ಲ. ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳಿಂದ ಕನ್ನಡ ಜಿಲ್ಲೆಗಳು ೧೯೫೬ರ ನವಂಬರ್ ೧ರಂದು ಹೊರಬಂದು ಒಂದಾದುದು ಒಂದು ದೇಶದೊಳಗಿನ ಪುನರ್ವಿಂಗಡಣೆಯೇ ಹೊರತು ರಾಷ್ಟ್ರಗಳ ಅಗಲಿಕೆಯಲ್ಲ. ಆದರೂ ಆಸ್ತಿ, ಸಾಲ, ನೌಕರರು, ಹೈಕೋರ್ಟಿನ ದಾವೆಗಳು, ಇವೆಲ್ಲವುಗಳ ವಿಲೇವಾರಿಯನ್ನು ಆ ವರ್ಷದ ಕಾಯಿದೆಯಲ್ಲಿಯೇ ಕಲಮುಕಲಮಾಗಿ ಬರೆದಿದ್ದರಿಂದ ಅವು ಬಹುಮಟ್ಟಿಗೆ ನೆಲೆಗೊಂಡವು. ಎರಡೂ ಕಡೆಯವರ ಮನಸ್ಸು ಒಪ್ಪದೆ ಉಳಿದ ಬೆಳಗಾವಿಯ ಎಲ್ಲೆಯೊಂದೇ ೧೯೬೭ರ ಮಹಾಜನ ವರದಿಯ ತರುವಾಯವೂ ಮುಗಿಯದೆ, ೨೦೦೪ರಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲನ್ನೇರಿತು. ಬರೆದದ್ದು ಶಮನವಾಗುತ್ತದೆ; ಬರೆಯದೆ ಬಿಟ್ಟದ್ದು ಮೊಮ್ಮಕ್ಕಳ ವರೆಗೆ ಬರುತ್ತದೆ.

ಇಲ್ಲಿ ಕೆಲವರು ಕೇಳಿಯಾರು: ೧೯೪೨ರಲ್ಲಿ ನಾವು ಆಂಗ್ಲರಿಗೆ 'ಚಲೇಜಾವ್' ಎಂದಾಗ ಒಪ್ಪಂದಕ್ಕೆ ಕಾದು ಕುಳಿತಿದ್ದೆವೇ? ಪ್ರಶ್ನೆಯು ಸಹಜವಾದುದು, ಉತ್ತರವೂ ಸರಳವಾದುದು. ಭಾರತವು ಬ್ರಿಟಿಷ್ ಸಾಮ್ರಾಜ್ಯದ ಪಾಲುದಾರನಾಗಿರಲಿಲ್ಲ, ಅಧೀನವಾಗಿತ್ತು. ಅದು ಸಹಿ ಮಾಡಿ ಸೇರಿರಲಿಲ್ಲ. ಹೊರಡುವ ಬಾಗಿಲನ್ನು ಯಾವ ಕಲಮೂ ತೆರೆದಿರಲಿಲ್ಲ. ಮಾತುಕತೆಗೆ ಹೋದವರಿಗೆ ಕಾರಾಗೃಹವೇ ಉತ್ತರವಾಗಿತ್ತು. ಬಲಾತ್ಕಾರದ ಬಂಧನವನ್ನು ಕಡಿಯಲು ಬಂಧಿಸಿದವನ ಸಮ್ಮತಿ ಬೇಕಿಲ್ಲ. ಬ್ರಿಟನ್ನಾದರೋ ತನ್ನ ಪಾರ್ಲಿಮೆಂಟಿನ ಕಾಯಿದೆಯಿಂದ ಸೇರಿತು, ಜನಮತದಿಂದ ಅದನ್ನು ದೃಢಪಡಿಸಿತು, ನಾಲ್ಕು ದಶಕಗಳ ಕಾಲ ಅದರ ಕಟ್ಟಳೆಗಳನ್ನು ರಚಿಸುವುದರಲ್ಲಿ ತಾನೂ ಕೈಗೂಡಿಸಿತು. ಅಷ್ಟೇ ಅಲ್ಲ, ೧೯೪೨ರ ಆ ನಿರ್ಣಯವು ಸಹ ಶೂನ್ಯಕ್ಕೆ ಹಾರುವ ಕರೆಯಾಗಿರಲಿಲ್ಲ. ತಾತ್ಕಾಲಿಕ ಸರಕಾರ, ಸಂವಿಧಾನಸಭೆ, ಮಿತ್ರರಾಷ್ಟ್ರಗಳೊಡನೆ ಮುಂದಿನ ಸಂಬಂಧ, ಇವುಗಳ ಯೋಚನೆಯು ಅದರಲ್ಲಿಯೇ ಅಡಕವಾಗಿತ್ತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಬಲಾತ್ಕಾರದ ಸಂಘದಿಂದ ಹೊರಬರಲು ಒಪ್ಪಂದವು ಷರತ್ತಾಗಲಾರದು. ಸಮ್ಮತಿಯ ಸಂಘದಿಂದ ಹೊರಬರುವ ಹಕ್ಕೂ ಅಬಾಧಿತವೇ. ಆದರೆ ಜೊತೆಗೆ ಬಾಳಿದ ಕಾಲದಲ್ಲಿ ಹುಟ್ಟಿದ ಹೊಣೆಗಳನ್ನು, ಅಂದರೆ ನೆಲೆಸಿದ ಪ್ರಜೆಗಳನ್ನೂ ಗಡಿಯ ನೆಮ್ಮದಿಯನ್ನೂ ಒಪ್ಪಿಕೊಂಡ ಸಾಲವನ್ನೂ ಇತ್ಯರ್ಥಪಡಿಸದೆ ಹೊರಡುವುದು ಆ ಹಕ್ಕಿನ ದುರುಪಯೋಗ. ಒಕ್ಕೂಟದ ದೇಶಗಳಿಂದ ಬಂದು ಬ್ರಿಟನ್ನಿನಲ್ಲಿದ್ದವರು ಮೂವತ್ತು ಲಕ್ಷಕ್ಕೂ ಮಿಕ್ಕಿ, ಅಲ್ಲಿಗೆ ಹೋಗಿ ನೆಲೆಸಿದ ಬ್ರಿಟಿಷರು ಹತ್ತು ಲಕ್ಷದ ಮೇಲೆ. ಇವರು ಚೌಕಾಸಿಯ ದಾಳಗಳಲ್ಲ. ಉಳಿದ ಸದಸ್ಯರಿಗೂ ಅಷ್ಟೇ ಧರ್ಮವುಂಟು: ಒಪ್ಪಂದವನ್ನು ನೆಪಮಾಡಿ ಹೊರಡುವವನನ್ನು ದಂಡಿಸಬಾರದು, ಅನಂತಕಾಲ ಹಿಡಿದಿಡಬಾರದು. ಇನ್ನೊಬ್ಬರು ದುರುದ್ದೇಶದಿಂದ ಎಲ್ಲ ಸಂಧಾನವನ್ನೂ ನಿರಾಕರಿಸಿದರೆಂದು ಲೋಕಕ್ಕೆ ಸಿದ್ಧಪಡಿಸಿ ತೋರಿಸಿದಾಗ ಮಾತ್ರ, ಕಡೆಯ ಉಪಾಯವಾಗಿ, ಒಪ್ಪಂದವಿಲ್ಲದ ನಿರ್ಗಮನವು ಕ್ಷಮ್ಯವಾದೀತು. ಬ್ರಿಟನ್ನಿನ ಪ್ರಸಂಗದಲ್ಲಿ ಅದು ಸಿದ್ಧವಾಗಲಿಲ್ಲ.

ಆಗಲಿಲ್ಲವೆಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ. ಶ್ರೀ ಜಾನ್ಸನ್ನರೇ ೨೦೧೯ರ ಅಕ್ಟೋಬರದಲ್ಲಿ ಒಪ್ಪಂದವನ್ನು ತಂದು, ಡಿಸೆಂಬರದ ಚುನಾವಣೆಯಲ್ಲಿ ೩೬೫ ಸ್ಥಾನಗಳನ್ನು ಗೆದ್ದು, ೨೦೨೦ರ ಜನವರಿ ೩೧ರಂದು ಬ್ರಿಟನ್ನನ್ನು ಹೊರತಂದರು. ವ್ಯಾಪಾರದ ಕರಾರು ಡಿಸೆಂಬರ್ ೨೪ರಂದು, ಗಡುವಿಗೆ ಏಳೇ ದಿನ ಉಳಿದಿರುವಾಗ, ಕುದುರಿತು. ಈ ಒಪ್ಪಂದಗಳು ನಿರ್ದೋಷವಾಗಿರಲಿಲ್ಲ. ಐರ್ಲಂಡಿನ ಸುಂಕದ ಗೆರೆಯನ್ನು ನೆಲದಿಂದ ಎತ್ತಿ ಸಮುದ್ರದಲ್ಲಿ ಹಾಕಿದ್ದರಿಂದ ಬೆಲ್‌ಫಾಸ್ಟಿನ ವಿಧಾನಸಭೆ ೨೦೨೨ರಿಂದ ೨೦೨೪ರ ವರೆಗೆ ಸ್ಥಗಿತವಾಯಿತು. ೨೦೨೩ರಲ್ಲಿ ವಿಂಡ್ಸರಿನಲ್ಲಿ ಪುನಃ ಕುಳಿತು ತಿದ್ದಬೇಕಾಯಿತು. ಒಕ್ಕೂಟದಲ್ಲಿಯೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಉತ್ಪಾದನಾಶಕ್ತಿಯು ಕಾಲಾಂತರದಲ್ಲಿ ಶೇಕಡಾ ೪ರಷ್ಟು ಕುಗ್ಗೀತೆಂದು ಬ್ರಿಟನ್ನಿನ ಆಯವ್ಯಯ ಪರಿಶೀಲನೆಯ ಕಚೇರಿಯು ಅಂದಾಜು ಮಾಡಿದೆ. ಒಪ್ಪಂದವಿದ್ದಾಗಲೇ ಇಷ್ಟು! ಆದರೂ ಕುಳಿತು ತಿದ್ದಲು ಒಂದು ಕಾಗದವಿತ್ತೆಂಬುದನ್ನು ಮರೆಯಬಾರದು. ೨೦೨೫ರ ಮೇ ೧೯ರಂದು ಲಂಡನ್ನಿನಲ್ಲಿ ಎರಡೂ ಪಕ್ಷದವರು ಮತ್ತೆ ಸೇರಿ, ಮೀನುಗಾರಿಕೆಯ ಹೊಂದಾಣಿಕೆಯನ್ನು ೨೦೩೮ರ ವರೆಗೆ ಬೆಳೆಸಿ, ಆಹಾರಪದಾರ್ಥಗಳ ತಪಾಸಣೆಯನ್ನು ಸಡಿಲಿಸುವ ಮಾತು ತೆಗೆದುದು ಆ ಕಾಗದದ ಬಲದಿಂದಲೇ.

ಬೇರೆಯಾದ ಅಣ್ಣತಮ್ಮಂದಿರ ಮನೆಗಳಿಗೆ ನಡುವಿನ ಗೋಡೆ ಒಂದೇ. ಮಳೆಗಾಲದಲ್ಲಿ ಅದು ಬಿದ್ದರೆ ಇಬ್ಬರೂ ಕೂಡಿಯೇ ಕಟ್ಟಬೇಕು. ಸ್ವಾತಂತ್ರ್ಯವೆಂದರೆ ನೆರೆಹೊರೆಯವರಿಂದ ಬಿಡುಗಡೆಯಲ್ಲ. ನೆರೆಹೊರೆಯವರೊಡನೆ ತನ್ನ ಮಾತನ್ನು ತಾನೇ ಆಡುವ, ಆಡಿದ ಮಾತಿಗೆ ತಾನೇ ಹೊಣೆಯಾಗುವ ಅಧಿಕಾರ. ಮುಂದೆ ಯಾವ ದೇಶಕ್ಕಾದರೂ ಸಂಘವನ್ನು ಬಿಡುವ ಪ್ರಸಂಗ ಬಂದೀತು. ಆಗ ಆ ದೇಶದ ಧುರೀಣರು ಮತದ ಚೀಟಿಯನ್ನು ಜನರ ಕೈಗೆ ಕೊಡುವುದಕ್ಕಿಂತ ಮೊದಲೇ ಪಾಲುಪತ್ರದ ಕರಡನ್ನು ಅವರ ಕಣ್ಣೆದುರಿಗೆ ಇಡಲಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂಬುದು ಮನುಷ್ಯರಿಗೆ ಎಷ್ಟು ನಿಜವೋ ರಾಷ್ಟ್ರಗಳಿಗೂ ಅಷ್ಟೇ ನಿಜ.